ಬಾಲ್ಕನಿಯ ಓಕ್ ಮರ

"ಅಮ್ಮಾ, ರತ್ನಾಂಟಿ ಮುಂಚೆ ಟ್ರೀ ಆಗಿದ್ರಾ?"

ಕಾರಿನ ಹಿಂದಿನ ಸೀಟಿನಿಂದ ನಾಲ್ಕು ವರ್ಷದ ನಿಧಿ ಕೇಳಿದಾಗ ಸಿಂಚನಾಳಿಗೆ ನಗು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಕುವೈತ್ ಸಿಟಿಯ ಮಿರ್ಕಾಬಿನಲ್ಲಿದ್ದ ತನ್ನ ಬ್ಯಾಂಕಿಗೆ ಹೋಗುವ ಮುನ್ನ ಮಗಳನ್ನು ಮೈದಾನ್ ಹವಲ್ಲಿಯ ರತ್ನಾವತಿಯ ಫ್ಲ್ಯಾಟಿನಲ್ಲಿ ಬಿಡುವವಳು ಅವಳೇ. ಆದರೆ ಸಂಜೆ ಸಿಗುವ ಮಗಳ ಬಾಯಲ್ಲಿ ರತ್ನಾಂಟಿ ಬಿಟ್ಟರೆ ಬೇರೆ ಸುದ್ದಿಯಿಲ್ಲ.

ರತ್ನಾವತಿ ಕಾರ್ಕಳದ ಕಡೆಯವರು. ಕುವೈತಿನಲ್ಲಿದ್ದ ಅಮೆರಿಕದವರ ಮನೆಯಲ್ಲಿ ಬಹಳ ವರ್ಷ ಅವರ ಮಗನನ್ನು ಆಡಿಸಿದವರು. ಬೇಸಿಗೆಯಲ್ಲಿ ಆ ಮನೆಯವರೊಂದಿಗೆ ಅಮೆರಿಕಕ್ಕೂ ಹೋಗುತ್ತಿದ್ದರು. ಅಲ್ಲಿ ಮರಳು ನೆಲದಲ್ಲಿ ಓಕ್ ಕಾಡು. ಮರದ ಬುಡದಲ್ಲಿ ಮೊಣಕಾಲಿಗೂ ಬಾರದ ಪೊದೆ, ಪೊದೆ ತುಂಬ ಕಾಡು ಬ್ಲೂಬೆರಿ. "ನಮ್ಮ ಕುಂಟಲ ಹಣ್ಣು, ಅದೇ ನೇರಳೆ, ಅದಕ್ಕಿಂತ ಸಣ್ಣದು ಮಾರಾಯ್ರೇ, ಆದ್ರೆ ಎಂಥ ರುಚಿ! ನಾಲಗೆ ಶಾಯಿ ಕುಡಿದ ಹಾಗೆ ಆಗ್ತದೆ."

ಆ ಕಾಡನ್ನೇ ಅವರು ಬಾಲ್ಕನಿಗೆ ತಂದಿದ್ದರು. ಅಗಲವಾದ ಪರಾತದಲ್ಲಿ ಮರಳು, ಮರಳಿಗೆ ಚುಚ್ಚಿದ ಕರಿಬೇವಿನ ಕಡ್ಡಿ, ಎಲೆಗಳ ಸಂದಿಯಲ್ಲಿ ಕಪ್ಪು ಒಣದ್ರಾಕ್ಷಿ. ಒಂದು ತುತ್ತು ಅನ್ನ ನುಂಗಿದರೆ ಒಂದು ಹಣ್ಣು ಕೀಳಬಹುದು. ಮನೆಯಲ್ಲಿ ಬಾಯಿ ಬಿಡದ ನಿಧಿ ಅಲ್ಲಿ ತಟ್ಟೆ ಖಾಲಿ ಮಾಡುತ್ತಿದ್ದಳು.

ಸಿಂಚನಾ ಸೋಲುವವಳಲ್ಲ. ಶುಕ್ರವಾರದ ರಜೆಯಲ್ಲಿ ಅಂಗಡಿಯಲ್ಲಿದ್ದ ಅತಿ ದುಬಾರಿ ಬ್ಲೂಬೆರಿ ತಂದು ತಾನೂ ಪರಾತ ಸಿಂಗರಿಸಿದಳು.

"ಇದು ಫ್ಯಾಟ್ ಬೆರಿ," ಎಂದಳು ನಿಧಿ. "ಕಾಡಿಂದು ಸ್ಮಾಲ್. ಓಕ್ ಎಲ್ಲಿ?"

"ಓಕ್ ಬೇರೆ ಬೇಕಾ?"

"ರತ್ನಾಂಟಿ ನಿಲ್ತಾರಲ್ಲ, ಹೀಗೆ."

ಸಿಂಚನಾ ಕೈ ಅಗಲಿಸಿ ನಿಂತಳು. ಮಗಳು ಮೇಲಿಂದ ಕೆಳಗೆ ನೋಡಿ ತೀರ್ಪು ಕೊಟ್ಟಳು: "ಅಮ್ಮ ಓಕ್ ಅಲ್ಲ. ಅಮ್ಮ ಆಫೀಸ್."

ಭಾನುವಾರ ಕುವೈತಿನಲ್ಲಿ ಕೆಲಸದ ದಿನ; ಅಂದೇ ಸಿಂಚನಾ ಮಕ್ಕಳ ನರ್ಸರಿಯೊಂದಕ್ಕೆ ಫೋನ್ ಮಾಡಿದಳು. ಅಂದು ಬೇಗ ಬ್ಯಾಂಕಿನಿಂದ ಹೊರಟು ಬಂದರೆ, ಬಾಲ್ಕನಿಯಲ್ಲಿ ರತ್ನಾವತಿ ಎರಡೂ ಕೈ ಚಾಚಿ ನಿಂತಿದ್ದರು. ಅಮ್ಮನನ್ನು ಕಂಡ ನಿಧಿ ಓಡಿ ಬರಲಿಲ್ಲ. ಮರದ ಹಿಂದೆ ಅಡಗಿದಳು. ಅಷ್ಟು ಸಾಕಾಯಿತು.

"ಮುಂದಿನ ತಿಂಗಳಿಂದ ಇವಳನ್ನ ನರ್ಸರಿಗೆ ಸೇರಿಸ್ತೀನಿ ರತ್ನಕ್ಕ."

ಚಾಚಿದ ಕೈಗಳು ಮೆಲ್ಲಗೆ ಇಳಿದವು. "ನನ್ನಿಂದ ಎಂತಾದ್ರೂ ತಪ್ಪಾಯ್ತಾ?"

"ತಪ್ಪೇನಿಲ್ಲ. ಅವಳಿಗೆ ನನಗಿಂತ ನೀವೇ..." ಸಿಂಚನಾ ಮಗಳ ಚೀಲ ಎತ್ತಿಕೊಂಡಳು.

ರತ್ನಾವತಿ ನಿಧಿಯ ತಲೆ ನೇವರಿಸಲು ಹೋದವರು ಕೈ ಹಿಂದೆಗೆದರು. "ಆ ಅಮೆರಿಕದ ಹುಡುಗನ ತಾಯಿಗೂ ಹೀಗೇ ಆಗಿತ್ತು. ಬೆರಿ ಕೀಳುವಾಗ ಅವ ಬಿದ್ದ. ತಾಯಿ ಹತ್ತಿರವೇ ಇದ್ದರೂ ನನ್ನ ಹತ್ತಿರ ಅಳ್ತಾ ಓಡಿ ಬಂದ. ಮರುದಿನ ಅವ ಏಳುವ ಮೊದಲೇ ನನ್ನನ್ನು ಏರ್‌ಪೋರ್ಟಿಗೆ ಕಳಿಸಿದ್ರು."

ನಿಧಿಯ ಮುಷ್ಟಿ ಇನ್ನೂ ರತ್ನಾವತಿಯ ಸೆರಗಿನಲ್ಲೇ ಇತ್ತು, ಅದು ಸಿಂಚನಾಳ ಕಣ್ಣಿಗೆ ಚುಚ್ಚುತ್ತಲೇ ಇತ್ತು.

"ಸೇರಿಸಿ. ನೀವು ತಾಯಿ, ಬೇಡ ಅನ್ಲಿಕ್ಕೆ ನಾನ್ಯಾರು? ಒಂದೇ ಒಂದು ಉಪಕಾರ ಮಾಡಿ ಸಿಂಚನಾ. ಕೊನೆಯ ದಿನ ಯಾವುದು ಅಂತ ನನಗೆ ಮೊದಲೇ ಹೇಳಿ. ಈ ಮಗುವಿಗಾದ್ರೂ ನಾನು ಟಾಟಾ ಹೇಳ್ಬೇಕು."