ಕಾಳಜಿಯ ಗಾಜು

ದುಡಿಯುವ ಹೆಣ್ಣುಮಕ್ಕಳ ತಲೆಯ ಮೇಲೆ ಕಣ್ಣಿಗೆ ಕಾಣದ ಗಾಜಿನ ಛಾವಣಿಯಿದೆ ಎಂದು ಭಾಷಣಕಾರರು ಹೇಳಿದಾಗಲೆಲ್ಲ ನನಗೆ ತಕರಾರು ಏಳುತ್ತದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲಿನ ಕಪ್ಪುಗಳಿಂದ ಅವ್ವ ತೊಗರಿಬೇಳೆ ಅಳೆಯುವ ಮಟ್ಟದ ವಾಗ್ಮಿ ನಾನು. ಆದ್ದರಿಂದ ಕೇಳುತ್ತೇನೆ, ಗಾಜಾಗಿದ್ದರೆ ಬಿರುಕಾದರೂ ಬಿಡಬೇಕಿತ್ತಲ್ಲ? ಬೀದರಿನ ನಮ್ಮ ಮನೆಯಲ್ಲಿ ಅಕ್ಕನ ಮೊಬೈಲಿನ ಗಾಜು ಒಮ್ಮೆ ಬಿದ್ದದ್ದಕ್ಕೇ ಮೂಲೆಯಿಂದ ಮೂಲೆಗೆ ಸೀಳಿದೆ.

ಆ ಸೀಳಿನ ಹಿಂದೆಯೇ ಅವ್ವ, ಅಕ್ಕ, ನಾನು ರವಿವಾರ ಮಧ್ಯಾಹ್ನ ಹಿಂದಿಗೆ ಡಬ್ ಆದ ಜಪಾನಿ ಧಾರಾವಾಹಿ ನೋಡುತ್ತೇವೆ. ನಾಯಕಿ ಟೋಕಿಯೋದ ಕಚೇರಿಯಲ್ಲಿ ಎಲ್ಲರಿಗಿಂತ ಚುರುಕು. ಆದರೆ ಅಲ್ಲಿ ಬಡ್ತಿ ಸಿಗುವುದು ದೂರದ ಶಾಖೆಗೆ ಹೋಗಿ ಬಂದವರಿಗೆ. ಹೆಣ್ಣಿಗೆ ತೊಂದರೆಯಾಗಬಾರದೆಂಬ ಔದಾರ್ಯದಿಂದ ಅವಳನ್ನು ಎಲ್ಲಿಗೂ ಕಳಿಸುವುದಿಲ್ಲ. ಈ ವಾರ ಮೇಲಧಿಕಾರಿ ಸೊಂಟ ಬಾಗಿಸಿ ಅವಳ ಕ್ಷಮೆ ಕೇಳಿ, ಬಡ್ತಿಯನ್ನು ಇನ್ನೊಬ್ಬನಿಗೆ ಕೊಟ್ಟ.

"ಎಷ್ಟ್ ಮರ್ಯಾದಸ್ಥ ಅದಾನ ನೋಡವ್ವಾ," ಎಂದಳು ಅವ್ವ.

"ಹೌದವ್ವಾ, ಮರ್ಯಾದಿ ಆಕಿಗಿ, ಕುರ್ಚಿ ಅವಗ," ಎಂದಳು ಅಕ್ಕ.

ಅಕ್ಕ ಭಾಲ್ಕಿಯ ಸಹಕಾರಿ ಸಂಘವೊಂದರಲ್ಲಿ ಪ್ರಭಾರ ವ್ಯವಸ್ಥಾಪಕಿಯಾಗಿದ್ದಳು. ಭಾರವಷ್ಟೂ ಅವಳದು, 'ಪ್ರ' ಎಂಬ ಪ್ರತಿಷ್ಠೆ ಮಾತ್ರ ಇನ್ನೂ ಬರಬೇಕಿತ್ತು. ವ್ಯವಸ್ಥಾಪಕರ ಕುರ್ಚಿಯಲ್ಲೇ ಕೂತವಳನ್ನು ಬಂದವರು, "ಮೇಡಂ, ಸಾಹೇಬ್ರು ಎಲ್ಲಿ ಹೋಗ್ಯಾರ್ರಿ?" ಎಂದು ಕೇಳುತ್ತಿದ್ದರು. ಮೊದಮೊದಲು "ನಾನೇ ಸಾಹೇಬ್ರರಿ" ಎನ್ನುತ್ತಿದ್ದಳಂತೆ. ಆಮೇಲಾಮೇಲೆ "ಬರ್ತಾರ, ಕೂಡ್ರಿ" ಎಂದು ಕೂರಿಸಿ, ತಾನೇ ಕೆಲಸ ಮುಗಿಸಿ ಕಳಿಸುತ್ತಿದ್ದಳು.

ಮೊನ್ನೆ ಸಾಹೇಬರು ನಿಜಕ್ಕೂ ಬಂದರು. ಅಕ್ಕನೇ ಕೆಲಸ ಕಲಿಸಿದವನು, ಔರಾದಿನ ಶಾಖೆ ನಡೆಸಿ ಬಂದವನು, ಖಾಯಂ ವ್ಯವಸ್ಥಾಪಕನಾಗಿ ಅದೇ ಕುರ್ಚಿಗೆ. ಅವನನ್ನು ಕಳಿಸುವ ಮೊದಲು, ಔರಾದಿಗೆ ತನ್ನನ್ನೇ ಕಳಿಸಿ ಎಂದು ಅಕ್ಕ ಬಾಯಿಬಿಟ್ಟು ಕೇಳಿದ್ದಳು. ಸಂಘದ ಅಧ್ಯಕ್ಷರು ಈಗ ಕೊಟ್ಟ ಉತ್ತರವನ್ನು, ಧಾರಾವಾಹಿ ನಿಲ್ಲಿಸಿ, ಅವರದೇ ಧಾಟಿಯಲ್ಲಿ ನಮಗೆ ಹೇಳಿದಳು: "ಶಾಖಾ ನಡಸಿದವ್ರಿಗೇ ಖುರ್ಚಿ ಅಂತ ನಿಯಮ ಅದರೀ ಮೇಡಂ. ನಿಮಗ ತ್ರಾಸ ಆಗಬಾರದಂತ ಕಳಿಸಲಿಲ್ರಿ. ನಿಮ್ಮ ಮನಿಂದನೇ ಬ್ಯಾಡ ಅಂತ ಹೇಳಿ ಕಳಿಸಿದ್ರಲ್ಲ?"

ಹೇಳಿ, ನಮ್ಮಿಬ್ಬರ ಮುಖವನ್ನೂ ನೋಡದೆ ಒಳಗೆ ಹೋದಳು.

ಓದುಗ ಮಿತ್ರರೇ, ಗಾಜಿನ ವಿರುದ್ಧ ನಾನು ಯಾವ ವೇದಿಕೆಯಲ್ಲಾದರೂ ವಾದಿಸಬಲ್ಲೆ. ಅದರ ಮೇಲೆ ಕಲ್ಲೆಸೆಯಲೂಬಲ್ಲೆ. ಕಾಳಜಿಯ ಮೇಲೆ ಎಸೆಯುವುದು ಹೇಗೆ? ಅಪ್ಪ ತೀರಿಕೊಂಡ ಮೇಲೆ ಈ ಮನೆಯಲ್ಲಿರುವುದು ಮೂರೇ ಜನ. ಅಕ್ಕ ಹೋಗಬಯಸಿದವಳು. ನಾನು ಸಂಘದ ಮೆಟ್ಟಿಲು ಹತ್ತಿದವಳಲ್ಲ.

ಮೊಬೈಲಿನ ಬೆಳಕು ಆರಿತು. ನಾಯಕಿಯ ಮುಖವಿದ್ದ ಕಪ್ಪು ಗಾಜಿನಲ್ಲಿ ಈಗ ಅವ್ವನ ಮುಖ ಮೂಡಿತ್ತು, ಸೀಳು ಅದರ ನಟ್ಟನಡುವೆ.

"ಅವ್ವಾ, ಅಕ್ಕ ಔರಾದಕ್ಕ ಬರಂಗಿಲ್ಲ ಅಂತ ಹೇಳಿ ಕಳಿಸಿದಾಕಿ ನೀನೇನು?"