ಬೂಟಿನೊಳಗಿನ ಮರಳು

ದೆವ್ವ, ಶಕುನ ಎಂದರೆ ನಗುತ್ತಿದ್ದವಳು ನಾನು. ಓದಿದ್ದು ಆಹಾರ ವಿಜ್ಞಾನ; ಲಂಡನ್ನಿನಲ್ಲಿದ್ದಾಗ ಪಾರ್ಕ್ ರಾಯಲ್‌ನ ಒಂದು ತಿಂಡಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ. ಆದ್ದರಿಂದ ಇದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಮ್ಯಾನೇಜರ್, ಕಡಲೆಕಾಯಿ ಚಿಕ್ಕಿ ಮುಗಿದ ಮೇಲೆ ಯಂತ್ರ ತೊಳೆಯುವುದು ಬೇಡ, ಮುಂದಿನ ತಿಂಡಿ ಶುರುಮಾಡಿ ಎಂದ. ನನ್ನೆದುರಿಗೇ ಹೇಳಿದ. ಅದನ್ನು ತಿಂದ ಹುಡುಗಿಯೊಬ್ಬಳು, ಅದರಲ್ಲಿ ಬೆರೆತ ಕಡಲೆಕಾಯಿ ಚೂರಿನಿಂದ ಅಲರ್ಜಿಯಾಗಿ ಆಸ್ಪತ್ರೆ ಸೇರಿದಾಗ, ಯಂತ್ರ ತೊಳೆಯುವ ಹಂಸಾಬೆನ್ ತಲೆಗೆ ತಪ್ಪನ್ನೆಲ್ಲ ಕಟ್ಟಿದ. ಸೋಮವಾರ ವಿಚಾರಣೆ. ನಾನು ಕಂಡದ್ದು ಹೇಳಿದರೆ ಆಕೆಯ ಕೆಲಸ ಉಳಿಯುತ್ತಿತ್ತು. ಆದರೆ ನನ್ನ ವೀಸಾ ಕಂಪನಿಯ ಕೈಯಲ್ಲಿತ್ತು. ಮ್ಯಾನೇಜರ್ ಅದನ್ನು ನಗುನಗುತ್ತಲೇ ನೆನಪಿಸಿದ್ದ.

ಶನಿವಾರ ಕ್ವೀನ್ಸ್‌ಬರಿಯ ಚರ್ಚ್ ಹಾಲ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ, ಬೀಗದ ಕೈ ಕೊಡಲು ಪಕ್ಕದ ಚರ್ಚಿಗೆ ಹೋದೆ. ಸಂಜೆಗೆ ಮೊದಲೇ ಕತ್ತಲಾಗಿತ್ತು. ಅಭ್ಯಾಸಬಲದಿಂದ ಬೂಟುಗಳನ್ನು ಬಾಗಿಲಲ್ಲೇ ಬಿಟ್ಟೆ. ಒಳಗೆ ಯಾರೂ ಇರಲಿಲ್ಲ. ಗೋಡೆಯ ಗೂಡಿನಲ್ಲಿ ಪುರಾತನ ಕಾಲದ ಬಿಷಪ್ ಒಬ್ಬರ ಮೂರ್ತಿ. ಅವರ ಕಥೆಯನ್ನು ಪಾದ್ರಿ ಹಿಂದೊಮ್ಮೆ ಹೇಳಿದ್ದರು. ಯೇಸು ತಂದೆಯಾದ ದೇವರಿಗೆ ಸಮನಲ್ಲ, ಅವನೂ ಸೃಷ್ಟಿಯಾದವನೇ ಎಂಬುದು ಏರಿಯಸ್ ಎಂಬಾತನ ವಾದವಂತೆ. ಚಕ್ರವರ್ತಿ ಆ ಕಡೆ ವಾಲಿದಾಗ ಎಷ್ಟೋ ಬಿಷಪ್ಪರು ಹೂಂ ಎಂದರು, ಇವರೊಬ್ಬರು ಒಪ್ಪಲಿಲ್ಲ. ಮರುಭೂಮಿಗೆ ಗಡೀಪಾರಾಗಿ ಅಲ್ಲೇ ಸತ್ತರು. ನಮ್ಮ ದ್ವೈತ-ಅದ್ವೈತದ ಜಗಳ ಇದ್ದ ಹಾಗಿದೆ ಎಂದು ಅಂದು ನಕ್ಕಿದ್ದೆ. ಈಗ ನಗು ಬರಲಿಲ್ಲ. ನಾನೇನು ಮಾಡಲಿ ಎಂದು ಮೂರ್ತಿಯನ್ನೇ ಕೇಳಿದೆ.

ಹೊರಡುವಾಗ ಬೂಟಿಗೆ ಕಾಲು ತೂರಿಸಿದರೆ ಒಳಗೆ ಮರಳು! ಎರಡರಲ್ಲೂ ತುಂಬಿತ್ತು. ಹೊರಗೆ ಮೆಟ್ಟಿಲು ಹಿಮಗಟ್ಟಿದ್ದರೂ ಮರಳು ಕಾದ ಬಾಣಲೆಯ ಹಾಗೆ ಅಂಗಾಲು ಸುಟ್ಟಿತು. ಬಾಗಿಲು ತೆರೆದ ಸದ್ದಾಗಲಿ, ಹೆಜ್ಜೆಯ ಸದ್ದಾಗಲಿ ನನಗೆ ಕೇಳಿರಲಿಲ್ಲ. ಮೆಟ್ಟಿಲ ಮೇಲೆ ಮರಳು ಸುರಿದು ಓಡಿದೆ. ಭಾನುವಾರ ಹೋಗಿ ನೋಡಿದರೆ ಒಂದು ಕಣವೂ ಇರಲಿಲ್ಲ. ಅಂಗಾಲಿನ ಬೊಬ್ಬೆಗಳು ಮಾತ್ರ ಸುಳ್ಳಲ್ಲ; ನಮ್ಮ ಯಜಮಾನರೇ ಮುಲಾಮು ಹಚ್ಚಿದ್ದರು.

ತಮ್ಮ ಮರುಭೂಮಿಯ ಮರಳು ಕಳಿಸಿ ಆ ಬಿಷಪ್ ನನಗೆ ಧೈರ್ಯ ಕೊಟ್ಟರೆಂದು ತಿಳಿದು ಸೋಮವಾರ ಕಂಡದ್ದನ್ನೆಲ್ಲ ಹೇಳಿಬಿಟ್ಟೆ. ಹಂಸಾಬೆನ್ ಉಳಿದರು. ನನ್ನ ಕೆಲಸ ಹೋಯಿತು, ಅದರ ಹಿಂದೆಯೇ ವೀಸಾ.

ಫ್ಲಾಟ್ ಖಾಲಿ ಮಾಡುವ ದಿನ ನಮ್ಮವರು ಮೆಲ್ಲಗೆ ಕೇಳಿದರು: “ಧೈರ್ಯ ಕೊಟ್ರು ಅಂತ ನೀನ್ಯಾಕೆ ಅನ್ಕೊಂಡೆ? ಬಾಯಿ ಬಿಟ್ರೆ ನನ್ ಗತೀನೇ ನಿಂಗೂ ಆಗತ್ತೆ, ಹುಷಾರು ಅಂತ ಹೇಳಿದ್ರೇನೋ.”

ಯಾವುದು ನಿಜವೋ ಇಂದಿಗೂ ತಿಳಿಯದು. ಆ ಸೋಮವಾರ ನನಗೂ ಹಾಗೆ ಹೊಳೆದಿದ್ದರೆ ಸುಮ್ಮನಿದ್ದುಬಿಡುತ್ತಿದ್ದೆ ಎಂಬುದಷ್ಟೇ ಗೊತ್ತು.