ಬಿಚ್ಚಿದರೆ ಕಲೆ ಉಳಿಯದ ಗುರುತು

ಮೊಮ್ಮಕ್ಕಳೇ, ಇದನ್ನು ಬಾಯಲ್ಲಿ ಹೇಳಲು ಕೂತರೆ ನೀವು ನಡುವೆಯೇ ನಗಿಸಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾದ ಹೊಸದರಲ್ಲಿ ನಿಮ್ಮ ಮುತ್ಯಾ ನಾರಾಯಣಪೇಟೆಯ ನಮ್ಮ ಮಗ್ಗದಲ್ಲಿ ನನಗೊಂದು ಸೀರೆ ನೇಯ್ದುಕೊಟ್ಟರು. ಅಂಚಿನಲ್ಲಿ ಎಲ್ಲರೂ ಹಾಕುವ ಗೋಪುರಗಳ ನಡುನಡುವೆ ಒಂದೊಂದು ಜೋಳದ ತೆನೆ. ತೆನೆ ಅವರದೇ ಕಲ್ಪನೆ. ಸೀರೆ ಸವೆದು ನಿಮ್ಮ ಅಪ್ಪಂದಿರಿಗೆ ಜೋಲಿಯಾಯಿತು, ಮೊನ್ನೆ ಮೊನ್ನೆ ಕೌದಿಯೊಳಗೆ ಸೇರಿತು. ಅದಕ್ಕೂ ಮುಂಚೆ ನಿಮ್ಮಲ್ಲಿ ದೊಡ್ಡವಳು ಅಂಚಿನ ಫೋಟೊ ತೆಗೆದಿಟ್ಟಿದ್ದಳು.

ಅವಳ ಮದುವೆ ಗೊತ್ತಾದಾಗ ಅದೇ ಅಂಚು ಬೇಕೆಂದು ಹಟ ಹಿಡಿದಳು. ಗದ್ವಾಲದ ನೇಕಾರಮ್ಮನೊಬ್ಬರು ಒಪ್ಪಿದರು. ಅವರಿಗೆ ಕಳಿಸಬೇಕಾದ ಅಂಚಿನ ಚಿತ್ರ ಊರೂರು ಸುತ್ತಿ ತೆನೆ ಯಾರದೋ ಆಗಿಬಿಟ್ಟರೆ ಎಂದು ನನಗೆ ಭಯ. ಕಂಪ್ಯೂಟರ್ ಓದಿದ ಅವಳು, ಕಣ್ಣಿಗೆ ಕಾಣದಂತೆ ಚಿತ್ರದೊಳಗೆ ನಮ್ಮ ಮನೆಯ ಗುರುತು ಹುದುಗಿಸುತ್ತೇನೆಂದಳು. ಆಗ ಭಯ ಇನ್ನೂ ಹೆಚ್ಚಿತು. ಅಗಸರ ಮಸಿ ಗುರುತು ಬಟ್ಟೆ ಹರಿದರೂ ಹೋಗುವುದಿಲ್ಲವಲ್ಲ.

"ಮುತ್ಯಾನ ದಡಿ ಕೆಡತೈತೇನವ್ವಾ?" ಎಂದು ಅಂಚಿನ ಚಿಂತೆಯಲ್ಲೇ ಕೇಳಿದೆ.

"ಕೆಡಂಗಿಲ್ಲ ಆಯಿ. ಬಣ್ಣಕ್ಕ ಕೊಡೋ ಮುಂದ ನಮ್ಮ ನೂಲಿನ ಲಡಿ ಗೊತ್ತಾಗಲಂತ ನೀ ದಾರ ಕಟ್ಟತಿದ್ಯಲ್ಲ, ಹಂಗ. ಬಿಚ್ಚಿದ್ರ ಚಿತ್ರ ಮೊದಲಿನಂಗ ಆಗತೈತಿ."

ಗುರುತು ಹಾಕಿದ ಚಿತ್ರವನ್ನು ಫೋನಿನಲ್ಲಿ ನಾನೇ ಕಳಿಸಿದೆ, ಹಬ್ಬದ ಫೋಟೊ ಕಳಿಸುವ ಹಾಗೆ. ಮರುದಿನ ಗುರುತು ಬಿಚ್ಚಿಕೊಡಲೆಂದು ಇಬ್ಬರೂ ಮಕ್ತಲ್ ದಾಟಿ ಬಸ್ಸಿನಲ್ಲಿ ಗದ್ವಾಲಕ್ಕೆ ಹೋದೆವು. ನೇಕಾರಮ್ಮನ ಕಂಪ್ಯೂಟರಿನಲ್ಲಿ ಅವಳು ಎಷ್ಟು ಮಾಡಿದರೂ ಗುರುತು ಬಿಚ್ಚಲೇ ಇಲ್ಲ. ಚಿತ್ರವೂ ಮಸುಕು.

"ಏನ್ ಕಳಿಸೀರಿ ಅಮ್ಮಾ, ಜೋಳನೋ ಸಜ್ಜಿನೋ ತಿಳೀವಲ್ದು," ಎಂದರು ನೇಕಾರಮ್ಮ.

ಬೇಗ ಹೋಗಲೆಂದು ಫೋನು ಚಿತ್ರವನ್ನು ಹಿಂಡಿಬಿಟ್ಟಿತ್ತಂತೆ, ಒಳಗಿನ ಗುರುತೂ ಅದರ ಜೊತೆ ನುಚ್ಚಾಗಿತ್ತು. ಮೊಮ್ಮಗಳು ಅದನ್ನೇ ಇಡಿಯಾಗಿ, ಹಿಂಡದ ಹಾಗೆ ಮತ್ತೆ ಕಳಿಸಿ ಬಿಚ್ಚಿದಳು. ತನ್ನಲ್ಲಿದ್ದ ಮೂಲ ಚಿತ್ರದಿಂದ ಅದನ್ನು ಲೆಕ್ಕದ ಹಾಗೆ ಕಳೆದು, ಉಳಿದದ್ದನ್ನು ತೋರಿಸಿದಳು. ಪರದೆ ಪೂರ್ತಿ ಕಪ್ಪು.

"ಎಲ್ಲಾ ಹೋತಲ್ಲವ್ವಾ," ಎಂದೆ.

"ಕಪ್ಪಂದ್ರ ಒಂದು ಚುಕ್ಕಿನೂ ಫರಕ್ ಇಲ್ಲಂತ, ಆಯಿ."

ನೇಕಾರಮ್ಮ ನಕ್ಕ ನಗೆಗೆ ಮಗ್ಗದ ಹುಡುಗಿಯರೆಲ್ಲ ತಿರುಗಿ ನೋಡಿದರು.

ಸೀರೆ ಬಂದಾಗ ಅಂಚಿನ ತೆನೆಗಳನ್ನು ಬೆರಳಿನಿಂದ ತಡವಿದೆ. ಒಂದೊಂದು ಕಾಳೂ ಬೇರೆ ಬೇರೆ. ಅವಳು ಅದನ್ನುಟ್ಟು ನಡುಮನೆಗೆ ಬಂದಾಗ ಬೀಗರ ಮುಂದೆಯೇ ಜೋರಾಗಿ ನಕ್ಕುಬಿಟ್ಟೆ, ಬಾಯಿಗೆ ಸೆರಗು ಅಡ್ಡ ಹಿಡಿಯುವುದೂ ನೆನಪಾಗಲಿಲ್ಲ.

ಜರಿ ಮುರಿಯದಿರಲೆಂದು ಆ ಸೀರೆಯ ಮಡಿಕೆಯನ್ನು ಆಗಾಗ ಬದಲಿಸಬೇಕು. ಈ ಹಾಳೆಗಳನ್ನೂ ಅದರ ಜೊತೆಗೇ ಇಟ್ಟಿರಿ, ನುಸಿ ಹತ್ತದಂತೆ ಬೇವಿನ ಸೊಪ್ಪು ಹಾಕಿ.